ಕಡಲ ಹಬ್ಬಕ್ಕೊಂದು ವಾರಾಂತ್ಯ: ಸಮುದ್ರಪೂಜೆಯೋ, ಕೂರ್ಮಗಡ ಜಾತ್ರೆಯೋ, ಕರಾವಳಿ ಉತ್ಸವವೋ?

ಸಮುದ್ರಪೂಜೆ ಇದೆಯಂತೆ ಎಂದು ಕೇಳಿ ಆಗಸ್ಟಿನಲ್ಲಿ ಮಕ್ಕಳಿಗೆ ನೀರಾಟದ ಬಟ್ಟೆ ಕಟ್ಟಿಕೊಂಡು ಮಲ್ಪೆಗೆ ಬರುವವರಿದ್ದಾರೆ. ಬಂದು ನೋಡಿದರೆ ಕಡಲು ಕದಡಿ ಕೆಂಪಾಗಿರುತ್ತದೆ, ನೀರಿಗೆ ಇಳಿಯದಂತೆ ತೀರದುದ್ದಕ್ಕೂ ತಡೆ ಕಟ್ಟಿರುತ್ತಾರೆ, ಸೇಂಟ್ ಮೇರೀಸ್ ದ್ವೀಪದ ಬೋಟು ನಿಂತಿರುತ್ತದೆ. ಪೂಜೆಯಂತೂ ಅವರು ತಿಂಡಿ ತಿಂದು ಹೊರಡುವಷ್ಟರಲ್ಲಿ ಮುಗಿದಿರುತ್ತದೆ. ಡಿಸೆಂಬರಿನಲ್ಲಿ ಸಿಗುವುದನ್ನು ಆಗಸ್ಟಿನಲ್ಲಿ ಹುಡುಕಿದ್ದಕ್ಕೆ ಹೀಗಾಗುತ್ತದೆ.

ನಮ್ಮ ಕರಾವಳಿಯ ಕಡಲ ಹಬ್ಬಗಳಲ್ಲಿ ಹೊರಗಿನವರು ವಾರಾಂತ್ಯಕ್ಕೆ ಬಂದು ನೋಡಬಹುದಾದವು ಮುಖ್ಯವಾಗಿ ಮೂರು. ನೂಲ ಹುಣ್ಣಿಮೆಯ ಹೊತ್ತಿಗೆ ಮೀನುಗಾರರು ಮಾಡುವ ಸಮುದ್ರಪೂಜೆ, ಪುಷ್ಯ ಹುಣ್ಣಿಮೆಗೆ ಕಾರವಾರದ ಕೂರ್ಮಗಡ ದ್ವೀಪದಲ್ಲಿ ನಡೆಯುವ ನರಸಿಂಹ ದೇವರ ಜಾತ್ರೆ, ಚಳಿಗಾಲದಲ್ಲಿ ಜಿಲ್ಲಾಡಳಿತಗಳು ನಡೆಸುವ ಕರಾವಳಿ ಉತ್ಸವ. ಮೊದಲನೆಯದರಲ್ಲಿ ನೀವು ದಡದಲ್ಲಿ ನಿಂತ ಅತಿಥಿ. ಎರಡನೆಯದರಲ್ಲಿ ಬೋಟು ಹತ್ತಿ ಕಡಲು ದಾಟಲೇಬೇಕು. ಮೂರನೆಯದು ಪ್ರೇಕ್ಷಕರಿಗಾಗಿಯೇ ಇರುವಂಥದ್ದು. ಕಡಲನ್ನು ಎಷ್ಟು ಹತ್ತಿರದಿಂದ ನೋಡಬೇಕು, ಜತೆಗೆ ಯಾರಿದ್ದಾರೆ ಎಂಬ ಎರಡು ಪ್ರಶ್ನೆಗೆ ಉತ್ತರ ಗೊತ್ತಾದರೆ ಆಯ್ಕೆ ಹೆಚ್ಚುಕಮ್ಮಿ ಮುಗಿದಂತೆ.

ಸಮುದ್ರಪೂಜೆ: ಬಂದರು ಮತ್ತೆ ಉಸಿರಾಡುವ ಹೊತ್ತು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ನಾಡದೋಣಿಗಳು ಮಾತ್ರ ಕಡಲು ನೋಡುತ್ತವೆ. ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ಹಾಲು, ಹೂ, ತೆಂಗಿನಕಾಯಿ ಅರ್ಪಿಸಿ, ಬೋಟಿಗೂ ಬಲೆಗೂ ಕೇಡಾಗದಿರಲಿ, ಮೀನು ಒದಗಲಿ ಎಂದು ಬೇಡಿಕೊಂಡು ಹೊಸ ಋತುವಿಗೆ ಇಳಿಯುವುದು ರೂಢಿ. ಜನಿವಾರ ಬದಲಿಸುವ ದಿನವಾದ್ದರಿಂದ ನೂಲ ಹುಣ್ಣಿಮೆ. ಉತ್ತರ ಕನ್ನಡದ ಕಡೆ ತೆಂಗಿನಕಾಯಿಯ ಹೆಸರಿನಲ್ಲಿ ನಾರಳಿ ಹುಣ್ಣಿಮೆ ಎಂದೂ ಕರೆಯುತ್ತಾರೆ.

ದಿನ ಗೊತ್ತುಮಾಡುವಾಗ ಹೊರಗಿನವರು ಎಡವುವ ಜಾಗವೊಂದಿದೆ. ನಿಷೇಧ ಮುಗಿಯುವುದು ಕ್ಯಾಲೆಂಡರಿನ ಪ್ರಕಾರ, ಹಬ್ಬ ಬರುವುದು ಪಂಚಾಂಗದ ಪ್ರಕಾರ. 2025ರಲ್ಲಿ ಶ್ರಾವಣ ಹುಣ್ಣಿಮೆ ಆಗಸ್ಟ್ 9ಕ್ಕೇ, ಅದೂ ಶನಿವಾರ ಬಂದಿತ್ತು. 2026ರಲ್ಲಿ ಅಧಿಕ ಮಾಸದಿಂದಾಗಿ ಆಗಸ್ಟ್ 28ರ ಶುಕ್ರವಾರ, 2027ರಲ್ಲಿ ಆಗಸ್ಟ್ 17ರ ಮಂಗಳವಾರ. ಹುಣ್ಣಿಮೆ ಬೇಗ ಬಂದ ವರ್ಷ ಬೋಟುಗಳು ಬಣ್ಣ ಬಳಿಸಿಕೊಂಡು, ಮಾವಿನೆಲೆ, ಹೂಮಾಲೆ ಕಟ್ಟಿಕೊಂಡು ದಕ್ಕೆಯ (ಬೋಟು ಕಟ್ಟುವ ಕಟ್ಟೆಯ) ತುಂಬ ಕಾಯುತ್ತಿರುತ್ತವೆ. ತಡವಾದ ವರ್ಷ ಅಷ್ಟು ದಿನ ಸುಮ್ಮನೆ ನಿಲ್ಲಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. ಹಲವು ಬೋಟುಗಳು ಆಗಲೇ ಒಂದೆರಡು ಸುತ್ತು ಹೋಗಿ ಬಂದಿರುತ್ತವೆ. ಇಡೀ ಬಂದರು ತುಂಬಿರುವುದನ್ನು ನೋಡುವುದೇ ನಿಮ್ಮ ಆಸೆಯಾದರೆ, ಹಬ್ಬಕ್ಕೆ ಕಾಯದೆ ಜುಲೈ ಕೊನೆಯ ವಾರ ಬನ್ನಿ. ಬಲೆ ಹೆಣೆಯುವುದು, ಅಡಿಮೈ ಕೆರೆದು ಬಣ್ಣ ಹಚ್ಚುವುದು, ಎಂಜಿನ್ ಬಿಚ್ಚಿ ಜೋಡಿಸುವುದು ಎಲ್ಲ ಆಗ ಕಣ್ಣೆದುರೇ ನಡೆಯುತ್ತಿರುತ್ತದೆ.

ಯಾವ ಬಂದರು? ಮಲ್ಪೆ ದೊಡ್ಡದು, ಉಡುಪಿಯಿಂದ ಆರು ಕಿಲೋಮೀಟರ್, ಸಿಟಿ ಬಸ್ಸು ಸಿಗುತ್ತಲೇ ಇರುತ್ತದೆ. ವಡಭಾಂಡೇಶ್ವರದ ಬಲರಾಮ ದೇವಸ್ಥಾನದಲ್ಲೂ ಮೀನುಗಾರರು ನಂಬುವ ದೈವ ಬೊಬ್ಬರ್ಯನ ಸಾನ್ನಿಧ್ಯದಲ್ಲೂ ಪೂಜೆ ಸಲ್ಲಿಸಿ, ಅಲ್ಲಿಂದ ಮೊಗವೀರರು ಮೆರವಣಿಗೆಯಲ್ಲಿ ಕಡಲ ತೀರಕ್ಕೆ ಬರುತ್ತಾರೆ. ಮೊದಲ ಸಲ ನೋಡುವವರಿಗೆ ಎಲ್ಲವೂ ಕ್ರಮವಾಗಿ ಕಾಣುವುದು ಇಲ್ಲಿಯೇ. ಆದರೆ ಜನ, ಕ್ಯಾಮೆರಾ, ವೇದಿಕೆ, ಮೈಕು ಹೆಚ್ಚು.

ಗಂಗೊಳ್ಳಿ ಹಾಗಲ್ಲ. ಪಂಚಗಂಗಾವಳಿ ಕಡಲು ಸೇರುವ ಅಳಿವೆಯ ಬಡಗು ದಡದ ಊರು. ಆಚೆ ದಡದ ಕುಂದಾಪುರ ಕಣ್ಣಳತೆಯಲ್ಲೇ ಇದ್ದರೂ ರಸ್ತೆಯಲ್ಲಿ ತ್ರಾಸಿ ಸುತ್ತಿ ಬರಬೇಕು. ತ್ರಾಸಿಯಲ್ಲಿ ಹೆದ್ದಾರಿ ಬಿಟ್ಟ ಮೇಲೆ ಐದಾರು ಕಿಲೋಮೀಟರ್. ಊರೇ ಬಂದರು, ಬಂದರೇ ಊರು. ಕೊಂಕಣಿ ಮಾತಾಡುವ ಖಾರ್ವಿಗಳು, ಮೊಗವೀರರು, ಬ್ಯಾರಿಗಳು, ಕ್ರೈಸ್ತರು ಎಲ್ಲರ ಬದುಕೂ ಮೀನಿನ ಸುತ್ತಲೇ. ಇಲ್ಲಿ ಪೂಜೆ ಚಿಕ್ಕದು, ಹತ್ತಿರದ್ದು. ಯಾರೂ ಬಿಡಿಸಿ ಹೇಳುವುದಿಲ್ಲ, ನೀವೇ ನೋಡಿ ತಿಳಿಯಬೇಕು. ಸಣ್ಣ ಬಂದರಿನ ಹಬ್ಬ ಎಂದರೆ ನಮ್ಮ ಓಟು ಇದಕ್ಕೇ. ಇನ್ನೂ ಶಾಂತವಾದ ಜಾಗ ಬೇಕಾದರೆ ಸ್ವರ್ಣಾ–ಸೀತಾ ನದಿಗಳ ಅಳಿವೆಯ ಕೋಡಿಬೆಂಗ್ರೆ. ಮಲ್ಪೆಯಿಂದ ಹೂಡೆ ದಾಟಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಪಟ್ಟಿಯ ತುದಿಗೆ ಹೋಗಬಹುದು. ಎದುರು ದಡದ ಹಂಗಾರಕಟ್ಟೆಯಿಂದ ಬಾರ್ಜಿನಲ್ಲೂ ದಾಟಬಹುದು. ಮಳೆ, ಗಾಳಿ ಜೋರಾದರೆ ಬಾರ್ಜು ನಿಲ್ಲುತ್ತದೆ. ವಾಪಸ್ ರಸ್ತೆಯಲ್ಲಿ ಬರಬೇಕಾದೀತು ಎಂದು ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಸಮಯ ಆಯಾ ಊರಿನ ಮೀನುಗಾರರ ಸಂಘ ನಿಗದಿ ಮಾಡುವುದು. ಸಾಮಾನ್ಯವಾಗಿ ಬೆಳಗ್ಗೆ. ಹಿಂದಿನ ಸಂಜೆಯೇ ದಕ್ಕೆಗೆ ಹೋಗಿ, ಐಸ್ ತುಂಬುತ್ತಿರುವವರನ್ನೋ ಚಹಾ ಅಂಗಡಿಯವರನ್ನೋ ಕೇಳಿದರೆ ಸರಿಯಾದ ಹೊತ್ತು ಗೊತ್ತಾಗುತ್ತದೆ. ಅಂದೇ ಹೊರಟು ಬರುವವರು ತಪ್ಪಿಸಿಕೊಳ್ಳುವುದು ಈ ಕಾರಣಕ್ಕೇ. ಇನ್ನೊಂದು ಸಂಗತಿ: ಹುಣ್ಣಿಮೆಯ ದಿನ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಹಗಲಿನ ಭರತ ನಡುಹಗಲಿಗೆ ಸ್ವಲ್ಪ ಮುಂಚೆ ತುಂಬುತ್ತದೆ. ಪೂಜೆಯ ಹೊತ್ತಿನಲ್ಲೇ ನೀರು ಏರುತ್ತಿರುವುದರಿಂದ, ಎಂಟು ಗಂಟೆಗೆ ಒಣಗಿದ್ದ ಮರಳು ಹತ್ತಕ್ಕೆ ಒದ್ದೆಯಾಗಿ, ಒಂದೇ ದೊಡ್ಡ ಅಲೆಗೆ ಮೊಣಕಾಲ ತನಕ ನೀರು ಬರಬಹುದು. ಮಳೆಗಾಲದಲ್ಲಿ ಅಲೆ ಹಿಂತಿರುಗುವಾಗ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ. ಮಕ್ಕಳ ಕೈ ಬಿಡಬೇಡಿ, ಮರಳು ಒದ್ದೆಯಾಗಿರುವ ಗೆರೆಗಿಂತ ಹತ್ತು ಹೆಜ್ಜೆ ಮೇಲೇ ನಿಲ್ಲಿ.

ದಕ್ಕೆಯಲ್ಲಿ ನಡೆದುಕೊಳ್ಳುವ ರೀತಿಯೂ ಇದೆ. ಚಪ್ಪಲಿ ಮೆಟ್ಟಿಕೊಂಡು ಬೋಟು ಹತ್ತಬಾರದು. ಹರಡಿದ ಬಲೆಯನ್ನು ತುಳಿಯುವುದು, ದಾಟುವುದು ಬೇಡ. ಅದು ಅನ್ನದ ಮೇಲೆ ಕಾಲಿಟ್ಟಂತೆ, ಜತೆಗೆ ಬಲೆಯ ಸೀಸದ ಗುಂಡು, ಹಗ್ಗ ಕಾಲಿಗೆ ಸಿಕ್ಕಿ ಬೀಳುವುದೂ ಉಂಟು. ಬೋಟು ಕಟ್ಟಿದ ಹಗ್ಗ ಮತ್ತು ಗೂಟದ ನಡುವೆ ನಿಲ್ಲಬೇಡಿ. ಅಲೆಗೆ ಬೋಟು ಹಿಂದೆ ಸರಿದಾಗ ಸಡಿಲಿದ್ದ ಹಗ್ಗ ಒಮ್ಮೆಗೇ ಬಿಗಿಯುತ್ತದೆ. ಮೀನಿನ ಪೊರೆ, ಎಣ್ಣೆ, ನೀರು ಸೇರಿ ಕಾಂಕ್ರೀಟು ಜಾರುವುದರಿಂದ ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ಲೇ ಸರಿ. ಪಟಾಕಿ ಮಾತ್ರ ಬೇಡವೇ ಬೇಡ. 2023ರ ನವೆಂಬರ್ 13ರಂದು ದೀಪಾವಳಿಯ ಹೊತ್ತಿಗೆ ಗಂಗೊಳ್ಳಿ ಬಂದರಿನಲ್ಲಿ ನಿಂತಿದ್ದ ಬೋಟುಗಳಿಗೆ ಬೆಂಕಿ ತಗುಲಿ ಹಲವು ಸುಟ್ಟುಹೋದವು. ಫೈಬರ್ ಮೈ, ಡೀಸೆಲ್, ನೈಲಾನ್ ಬಲೆ, ಒತ್ತೊತ್ತಾಗಿ ನಿಂತ ಸಾಲು. ಒಂದು ಕಿಡಿ ಬಿದ್ದರೆ ಹಗ್ಗ ಬಿಚ್ಚುವಷ್ಟರಲ್ಲಿ ಪಕ್ಕದ ಬೋಟಿಗೂ ಹತ್ತಿರುತ್ತದೆ.

ಪೂಜೆ ಮುಗಿಯಿತೆಂದು ಮಧ್ಯಾಹ್ನವೇ ಊರು ಬಿಡುವುದು ದೊಡ್ಡ ನಷ್ಟ. ಮರುದಿನ ನಸುಕಿನಲ್ಲಿ ಬೋಟುಗಳು ಒಂದರ ಹಿಂದೆ ಒಂದು ಅಳಿವೆ ದಾಟಿ ಹೋಗುವುದನ್ನು ನೋಡಿ. ಆಳಸಮುದ್ರಕ್ಕೆ ಹೋಗುವ ಬೋಟು ಎಂಟು–ಹತ್ತು ದಿನ ಬರುವುದಿಲ್ಲ. ದಿನದ ಬೋಟುಗಳು ಅಂದೇ ಅಥವಾ ಮರುದಿನ ಮೀನು ತಂದು ಸುರಿಯುತ್ತವೆ. ಹಾಗಾಗಿ ಆ ಬೋಟುಗಳು ಮರಳಿದಾಗ ಏಲಂ (ಮೀನಿನ ಹರಾಜು) ನೋಡುವುದು ಈ ವಾರಾಂತ್ಯದ ನಿಜವಾದ ಹಬ್ಬ. ಏಲಮಿನಲ್ಲಿ ಬುಟ್ಟಿಗಟ್ಟಲೆ ಕೂಗುವುದರಿಂದ ಅಲ್ಲಿ ಕೊಳ್ಳಲು ಹೋಗಬೇಡಿ. ಪಕ್ಕದಲ್ಲೇ ಪಾಲು ಹಾಕಿ ಕುಳಿತ ಹೆಂಗಸರ ಹತ್ತಿರ ಒಂದೆರಡು ಕಿಲೋ ತೆಗೆದುಕೊಳ್ಳಿ.

ಕೂರ್ಮಗಡ: ಬೋಟು ಹತ್ತಲು ಧೈರ್ಯ, ಇಳಿಯಲು ಮೊಣಕಾಲು

ಕಾಳಿ ನದಿ ಕಡಲು ಸೇರುವಲ್ಲಿಂದ ಆಚೆ, ಆಮೆಯ ಬೆನ್ನಿನಂತೆ ಕಾಣುವ ದ್ವೀಪ. ನರಸಿಂಹ ದೇವರ ಜಾತ್ರೆ ಪುಷ್ಯ ಹುಣ್ಣಿಮೆಗೆ, ಅಂದರೆ ಜನವರಿಯ ಆಸುಪಾಸು. 2027ರಲ್ಲಿ ಪಂಚಾಂಗದ ಪ್ರಕಾರ ಜನವರಿ 22, ಶುಕ್ರವಾರ. ಬಾಳೆಗೊನೆ ಹೊತ್ತ ಭಕ್ತರನ್ನು ಮೀನುಗಾರಿಕೆಯ ಬೋಟುಗಳೇ ಸಿಂಗರಿಸಿಕೊಂಡು ಕರೆದೊಯ್ಯುತ್ತವೆ. ಕಡಲಿನ ಮೇಲೆಯೇ ಸಾಗುವ ಇಂಥ ಜಾತ್ರೆ ನಮ್ಮಲ್ಲಿ ಅಪರೂಪ. ಕಡಲು ತಿಳಿಯಾಗಿರುವ ಕಾಲ, ಬೆಳಗಿನ ಗಾಳಿ ದಡದಿಂದ ಕಡಲಿಗೆ ಬೀಸುತ್ತಿರುತ್ತದೆ. ನಾಲ್ಕೈದು ಬೋಟು ಬಾವುಟ ಹಾರಿಸಿಕೊಂಡು ಜತೆಯಲ್ಲಿ ಸಾಗುವಾಗ ಸಿಗುವ ಸಂತೋಷ ಬೇರೆ ಎಲ್ಲೂ ಸಿಗಲಾರದು.

ಅಪಾಯವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. 2019ರ ಜನವರಿ 21ರಂದು ಇದೇ ಜಾತ್ರೆ ಮುಗಿಸಿ ಮರಳುತ್ತಿದ್ದ ಬೋಟು ಮಗುಚಿ 16 ಜನ ತೀರಿಕೊಂಡರು. ಬೋಟಿನಲ್ಲಿ ಮಿತಿಮೀರಿ ಜನರಿದ್ದರು, ಲೈಫ್ ಜಾಕೆಟ್ ಇರಲಿಲ್ಲ. ಮಧ್ಯಾಹ್ನದ ಮರುಪಯಣ ಕಷ್ಟವಾಗಲು ಕಾರಣ ಕಡಲಿನದ್ದೇ. ಹುಣ್ಣಿಮೆಯ ದಿನ ನಡುಹಗಲಿನ ನಂತರ ಇಳಿತ ಶುರುವಾಗಿ ಕಾಳಿಯ ನೀರು ರಭಸದಿಂದ ಹೊರಗೆ ಹರಿಯುತ್ತದೆ. ಅದೇ ಹೊತ್ತಿಗೆ ವಾಯವ್ಯದ ಕಡಲಗಾಳಿ ಎದ್ದು ಅಲೆಯನ್ನು ಒಳಗೆ ನೂಕುತ್ತದೆ. ಎರಡೂ ಎದುರುಬದುರಾದಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಬೆಳಗ್ಗೆ ತೊಟ್ಟಿಲಿನಂತೆ ತೂಗಿದ ದಾರಿಯೇ ಮೂರು ಗಂಟೆಗೆ ಬೋಟನ್ನು ಕುಕ್ಕುತ್ತದೆ. ಆದ್ದರಿಂದ ಮೊದಲ ಬೋಟುಗಳಲ್ಲೇ ಹೋಗಿ, ಹನ್ನೆರಡರ ಒಳಗೆ ಮರಳುವಂತೆ ಯೋಜನೆ ಹಾಕಿ. ಸಾಲು ಉದ್ದವಾಗಿ ದರ್ಶನ ತಡವಾಯಿತೆಂದರೆ, ಒಂದೇ ಬೋಟಿಗೆ ಎಲ್ಲರೂ ನುಗ್ಗುವ ಹೊತ್ತಿನಲ್ಲಿ ಹತ್ತಬೇಡಿ, ಮುಂದಿನ ಸುತ್ತಿಗೆ ಕಾಯಿರಿ.

ಹತ್ತುವ ಮೊದಲು ಮೂರು ಕೆಲಸ. ಬೋಟಿನ ನೋಂದಣಿ ಸಂಖ್ಯೆಯ ಫೋಟೋ ತೆಗೆದು ದಡದಲ್ಲಿರುವ ಒಬ್ಬರಿಗೆ ಕಳಿಸಿ. ಎಷ್ಟು ಜನರಿಗೆ ಅನುಮತಿ ಎಂದು ಬೋಟು ನಡೆಸುವ ತಂಡೇಲರನ್ನೇ ಕೇಳಿ, ನಿಮ್ಮ ಕಣ್ಣಿಂದ ಎಣಿಸಿ; ಹೆಚ್ಚಿದ್ದರೆ ಇಳಿದುಬಿಡಿ. ಲೈಫ್ ಜಾಕೆಟ್ಟಿನ ಎಲ್ಲ ಬಕಲ್ ಹಾಕಿ ಎರಡೂ ಕೈ ಮೇಲೆತ್ತಿ, ಇನ್ನೊಬ್ಬರು ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಯಲಿ. ಜಾಕೆಟ್ ಕಿವಿಯವರೆಗೆ ಬಂದರೆ ಸಡಿಲ ಎಂದರ್ಥ. ನೀರಿಗೆ ಬಿದ್ದಾಗ ಅದು ತಲೆಯಿಂದ ಜಾರಿ ತೇಲುತ್ತದೆ, ನೀವು ಮುಳುಗುತ್ತೀರಿ. ಮಕ್ಕಳಿಗೆ ದೊಡ್ಡವರ ಜಾಕೆಟ್ ಬಿಗಿದು ಕಟ್ಟಿದರೆ ಸಾಲದು, ತೊಡೆಯ ನಡುವೆ ಹಾಯುವ ಪಟ್ಟಿ ಇರುವ ಮಕ್ಕಳ ಅಳತೆಯದ್ದೇ ಬೇಕು. ಅದು ಸಿಗದಿದ್ದರೆ ಮಗುವನ್ನು ಕರೆದೊಯ್ಯಬೇಡಿ.

ಮೀನುಗಾರಿಕೆ ಬೋಟಿನಲ್ಲಿ ಪ್ರಯಾಣಿಕರಿಗೆ ಆಸನವಿಲ್ಲ. ನಡುವೆ, ಕೆಳಗೆ ಕೂರಿ. ದ್ವೀಪ ಹತ್ತಿರವಾದಾಗ ಫೋಟೋಗಾಗಿ ಎಲ್ಲರೂ ಎದ್ದು ಒಂದೇ ಬದಿಗೆ ಸರಿಯುತ್ತಾರಲ್ಲ, ಬೋಟು ವಾಲುವುದು ಆಗಲೇ. ನಿಂತ ಜನರ ಭಾರ ಮೇಲೇರಿದಷ್ಟೂ ಅದು ಮರಳಿ ನೇರವಾಗುವುದು ಕಷ್ಟ. ದ್ವೀಪದ ಹತ್ತಿರ ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ಇಳಿದು ಕಲ್ಲಿನ ದಡ ಸೇರಬೇಕಾಗುತ್ತದೆ, ಅಲ್ಲಿಂದ ಏರುದಾರಿ. ಎರಡು ಕೈಯೂ ಖಾಲಿ ಇರಬೇಕು, ಸಾಮಾನು ಬೆನ್ನಿಗೆ. ತಲೆಗೆ ಎರಡು ಲೀಟರ್ ನೀರು ಇರಲಿ. ವಾಂತಿ ಬರುವವರು ಮಾತ್ರೆಯನ್ನು ಬೋಟು ಹತ್ತುವ ಅರ್ಧ–ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು; ತಲೆ ತಿರುಗಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು.

ಗರ್ಭಿಣಿಯರು, ಮಂಡಿನೋವಿನವರು, ಆರು ವರ್ಷದೊಳಗಿನ ಮಕ್ಕಳು ದಡದಲ್ಲೇ ಇರಲಿ. ಹತ್ತಿರದಲ್ಲೇ ನೌಕಾನೆಲೆ ಇರುವುದರಿಂದ ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ, ಅಂಜುದೀವು ದ್ವೀಪದ ಕಡೆ ಬೋಟು ತಿರುಗಿಸಿ ಎಂದು ಯಾರನ್ನೂ ಒತ್ತಾಯಿಸಬೇಡಿ.

ಕರಾವಳಿ ಉತ್ಸವ

ಕಾರವಾರದಲ್ಲಿ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಮಂಗಳೂರಿನಲ್ಲಿ ನಗರದ ಮೈದಾನ ಮತ್ತು ಪಣಂಬೂರಿನಂಥ ಬೀಚುಗಳಲ್ಲಿ. ಸಂಗೀತ, ಯಕ್ಷಗಾನ, ಆಹಾರ ಮಳಿಗೆ, ಮರಳು ಶಿಲ್ಪ, ನೀರಾಟ. ಅಜ್ಜ–ಅಜ್ಜಿ, ಸಣ್ಣ ಮಕ್ಕಳು ಜತೆಗಿದ್ದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ. ಶೌಚಾಲಯ, ಆಂಬುಲೆನ್ಸ್, ಜೀವರಕ್ಷಕರು, ಕೂರಲು ಕುರ್ಚಿ ಎಲ್ಲ ಇರುತ್ತದೆ. ಕಾರವಾರದಲ್ಲಿ ತೀರದಲ್ಲೇ ಐಎನ್‌ಎಸ್ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ, ಮಕ್ಕಳಿಗೆ ಒಂದು ಗಂಟೆ ಸಾಲದು. ತೊಡಕು ಒಂದೇ: ಪಂಚಾಂಗಕ್ಕೆ ಕಟ್ಟಿದ ಹಬ್ಬ ಅಲ್ಲದ್ದರಿಂದ ಪ್ರತಿ ವರ್ಷ ನಡೆಯುತ್ತದೆ ಎಂಬ ಖಾತರಿಯಿಲ್ಲ, ದಿನಾಂಕವೂ ತಡವಾಗಿ ಹೊರಬೀಳುತ್ತದೆ. ಡಿಸೆಂಬರ್ ಕೊನೆಯ ವಾರವಾದರೆ ಹೊಸ ವರ್ಷಕ್ಕೆ ಗೋವಾದ ಕಡೆ ಹೊರಟವರೂ ಸೇರಿ ಕೋಣೆ ಬಾಡಿಗೆ ಏರುತ್ತದೆ. ರದ್ದು ಮಾಡಬಹುದಾದ ಕೋಣೆಯನ್ನೇ ಕಾಯ್ದಿರಿಸಿ.

ದಾರಿ, ಕೋಣೆ, ಹವೆ

ಬೆಂಗಳೂರಿನಿಂದ ಮೂರಕ್ಕೂ ಒಗ್ಗುವುದು ಪಂಚಗಂಗಾ ಎಕ್ಸ್‌ಪ್ರೆಸ್. ಉಡುಪಿ, ಕುಂದಾಪುರ, ಕಾರವಾರ ಎಲ್ಲ ಕಡೆ ನಿಲ್ಲುತ್ತದೆ. ಮೂರೂ ನಿಲ್ದಾಣಗಳು ಊರಿನಿಂದ ಹೊರಗೆ: ಉಡುಪಿಯದ್ದು ಇಂದ್ರಾಳಿಯಲ್ಲಿ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ, ಕಾರವಾರದ್ದು ಶಿರವಾಡದಲ್ಲಿ. ಆಟೋದ ಖರ್ಚು, ಸಮಯ ಲೆಕ್ಕದಲ್ಲಿರಲಿ. ಆಗಸ್ಟಿನಲ್ಲಿ ಸ್ವಂತ ಕಾರಿಗಿಂತ ರೈಲೇ ವಾಸಿ. ಶಿರಾಡಿ, ಚಾರ್ಮಾಡಿ, ಆಗುಂಬೆ ಯಾವ ಘಾಟಿಯಲ್ಲಿ ಯಾವಾಗ ಮಣ್ಣು ಜಾರೀತು ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು. ಅದೇ ವರ್ಷದ ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಕುಸಿದುಬಿತ್ತು. ಜಾತ್ರೆಗೆ ನದಿಯಾಚೆಯ ಸದಾಶಿವಗಡದ ಕಡೆ ಕೋಣೆ ಹಿಡಿಯುವವರು ಸೇತುವೆ ದಾಟುವ ಸಮಯವನ್ನೂ ಸೇರಿಸಿಕೊಳ್ಳಲಿ.

ಗಂಗೊಳ್ಳಿಯಲ್ಲಿ ಉಳಿಯಲು ಜಾಗ ಕಡಿಮೆ. ಕುಂದಾಪುರದಲ್ಲೋ ತ್ರಾಸಿ–ಮರವಂತೆಯಲ್ಲೋ ಇಳಿದುಕೊಳ್ಳಿ. ಮಲ್ಪೆಗೆ ನಸುಕಿನಲ್ಲಿ ದಕ್ಕೆ ನೋಡುವ ಆಸೆಯಿದ್ದರೆ ಮಲ್ಪೆಯಲ್ಲೇ, ಇಲ್ಲವಾದರೆ ಉಡುಪಿ ಅನುಕೂಲ. ಬಂದರಿನ ಒಳರಸ್ತೆಗೆ ಕಾರು ತರಬೇಡಿ. ಐಸ್ ಲಾರಿ, ಮೀನಿನ ಲಾರಿಗಳ ನಡುವೆ ಸಿಕ್ಕಿದರೆ ಗಂಟೆಗಟ್ಟಲೆ ಅಲ್ಲೇ.

ಹೊರಡುವ ಹಿಂದಿನ ದಿನ ಎರಡು ನೋಡಿ: ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಹೊರಡಿಸುವ ಎತ್ತರದ ಅಲೆಯ ಸೂಚನೆ. ಮಳೆ ಇಲ್ಲದಿದ್ದರೂ ದೂರದ ಕಡಲಿನ ಗಾಳಿಯಿಂದ ಎದ್ದ ಅಲೆ ದಡಕ್ಕೆ ಬರುತ್ತದೆ, ಆಕಾಶ ನೋಡಿ ಅಂದಾಜು ಮಾಡಿದರೆ ಮೋಸ ಹೋಗುತ್ತೀರಿ.

ಊಟದ ವಿಚಾರದಲ್ಲಿ ಆಗಸ್ಟಿನವರಿಗೊಂದು ಮಾತು. ಶ್ರಾವಣದಲ್ಲಿ ಮೀನು ಬಿಡುವ ಮನೆಗಳು ಬಹಳ, ಪೂಜೆಯ ದಿನ ಹೋಮ್‌ಸ್ಟೇಯಲ್ಲಿ ಮೀನೂಟ ಸಿಗದೆ ಇರಬಹುದು, ಮೊದಲೇ ಕೇಳಿ. ಬಂದರಿನಲ್ಲಿ ಮೀನಿನ ಹೆಸರೂ ಊರಿಗೊಂದು. ತುಳುವಿನ ಬೂತಾಯಿ ಕುಂದಾಪುರದಲ್ಲಿ ಬೈಗೆ, ಕಾರವಾರದಲ್ಲಿ ತಾರ್ಲೆ. ಅಂಜಲ್ ಅಲ್ಲಿ ಇಸ್ವಾಣ. ಕಾಣೆ ಅಲ್ಲಿ ನೋಗ್ಲಿ. ಹೆಸರು ಗೊತ್ತಿದ್ದರೆ ದರ ಕೇಳುವುದು ಸಲೀಸು.

ಮೀನು ಊರಿಗೆ ಒಯ್ಯುವವರು ಕಿವಿರು ಕೆಂಪಗಿದೆಯೇ, ಕಣ್ಣು ಉಬ್ಬಿ ಹೊಳೆಯುತ್ತಿದೆಯೇ, ಬೆರಳಿಂದ ಒತ್ತಿದ ಗುಳಿ ಮತ್ತೆ ಮೇಲೇಳುತ್ತದೆಯೇ ನೋಡಿ. ಹೊಟ್ಟೆ ತೆಗೆಸಿ, ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸಿನಂತೆ, ಥರ್ಮಾಕೋಲ್ ಪೆಟ್ಟಿಯಲ್ಲಿ ಅಡಿಗೆ ಐಸು, ಮೇಲೆ ಮೀನು, ಮತ್ತೆ ಐಸು. ರೈಲಿನಲ್ಲಾದರೆ ಎರಡು ಪದರ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಪೆಟ್ಟಿಯ ಮುಚ್ಚಳಕ್ಕೆ ಸುತ್ತಲೂ ಟೇಪು. ಕಾರಿನಲ್ಲಾದರೆ ಪೆಟ್ಟಿಯ ಮೂಲೆಗೊಂದು ತೂತು ಮಾಡಿ ಅದರಡಿ ಟ್ರೇ ಇಡಿ. ಕರಗಿದ ನೀರಿನಲ್ಲಿ ನೆನೆದ ಬಂಗುಡೆ ಮನೆ ಸೇರುವ ಹೊತ್ತಿಗೆ ಮೆತ್ತಗಾಗಿರುತ್ತದೆ, ನೀರು ಬಸಿದುಹೋದ ಮೀನು ಬೆಂಗಳೂರಿನವರೆಗೂ ಗಟ್ಟಿಯಾಗಿಯೇ ಇರುತ್ತದೆ.